ಯಾರು ಯಾರನ್ನು ಬಿಟ್ಟರು

ಧ್ವನಿಮುದ್ರಣದ ದಿನವೇ ಪಕ್ಕದ ಕಾರ್ಖಾನೆಯವರು ರಜೆ ರದ್ದು ಮಾಡಿ ಮಗ್ಗ ಶುರು ಮಾಡಬಹುದಿತ್ತು. ಕರೆಂಟು ಹೋಗಬಹುದಿತ್ತು. ಓದುವ ಹೆಣ್ಣುಮಗಳಿಗೆ ಗಂಟಲು ಕಟ್ಟಬಹುದಿತ್ತು, ಅಥವಾ ಆ ಒಂದು ಸಾಲಿಗೆ ಬಂದಾಗ ಅಳು ಬರಬಹುದಿತ್ತು. ಗ್ರೀಕ್ ಬಲ್ಲ ನಮ್ಮ ಗುರುಗಳು ಕಿವಿಯ ಯಂತ್ರವನ್ನು ಮನೆಯಲ್ಲೇ ಮರೆತು ಬಂದು, ಎಲ್ಲದಕ್ಕೂ ಸರಿಯಾಗಿದೆ ಎಂದು ತಲೆಯಾಡಿಸಬಹುದಿತ್ತು. ಸಭೆಯ ಹಿರಿಯರು ಅರ್ಧಕ್ಕೇ ಎದ್ದು ಹೋಗಬಹುದಿತ್ತು. ನಾನು ಆರಿಸಿದ ಶಬ್ದದಿಂದ ಒಂದು ಲಗ್ನ ನಿಂತುಹೋಗಬಹುದಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದೆಂದರೆ, ನಾನು ಆರಿಸಿದ ಶಬ್ದದಿಂದಲೇ ಒಂದು ಲಗ್ನ ಆಗಿಬಿಡಬಹುದಿತ್ತು. ಇದೆಲ್ಲವನ್ನೂ ಹೆಂಡತಿಯ ಮುಂದೆ ಒಂದೊಂದಾಗಿ ಹೇಳಿದೆ. ಆಕೆ ಮೆಂತೆಪಲ್ಯ ಸೋಸುತ್ತ ಎಲ್ಲ ಕೇಳಿಸಿಕೊಂಡು, “ಭೂಕಂಪ ಬಿಟ್ರಿ ನೋಡ್ರಿ” ಅಂದಳು. ಅದನ್ನೂ ಸೇರಿಸಿಕೊಂಡೆ.

ನಾನು ಸೊಲ್ಲಾಪುರದಲ್ಲಿ ಕೋರ್ಟು ಕಾಗದಗಳ ಅನುವಾದಕ. ಮರಾಠಿಯದನ್ನು ಕನ್ನಡಕ್ಕೆ, ಕನ್ನಡದ್ದನ್ನು ಮರಾಠಿಗೆ ತರುವುದು ಕೆಲಸ. ಹೊಲದ ವಾಟಣಿ ಅಂದರೆ ಪಾಲು, ಮೃತ್ಯುಪತ್ರ ಅಂದರೆ ಉಯಿಲು, ಮತ್ತು ಗಂಡಹೆಂಡಿರ ಜಗಳ. ಮರಾಠಿಯಲ್ಲಿ ವಿಚ್ಛೇದನಕ್ಕೆ ‘ಘಟಸ್ಫೋಟ’ ಎನ್ನುತ್ತಾರೆ. ಒಮ್ಮೆ ಅವಸರದಲ್ಲಿ ಅದನ್ನು ಹಾಗೆಯೇ ಕನ್ನಡದಲ್ಲಿ ಬಿಟ್ಟಿದ್ದಕ್ಕೆ ವಿಜಯಪುರದ ವಕೀಲರೊಬ್ಬರು ಫೋನ್ ಮಾಡಿ, ಸ್ಫೋಟ ಎಲ್ಲಿ ಆಯಿತು, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದ್ದರು. ಅಂದಿನಿಂದ ಆ ಒಂದು ಶಬ್ದ ಕಂಡರೆ ನಾನು ಎರಡು ಸಲ ಕನ್ನಡಕ ಒರೆಸುತ್ತೇನೆ.

ಇಂಥ ನನ್ನಲ್ಲಿಗೆ ಒಂದು ದಿನ ಅಕ್ಕಲಕೋಟದ ಸಣ್ಣ ಕ್ರೈಸ್ತ ಸಭೆಯೊಂದರ ಮುಖ್ಯ ಹಿರಿಯರು ಬಂದರು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಚಾದರ ಕಾರ್ಖಾನೆಯೊಂದರ ಸುಪರ್‌ವೈಸರ್ ಅವರು. ಬೈಬಲಿನ ಸುವಾರ್ತೆಗಳಿಂದ ಆಯ್ದ ಪಾಠಗಳನ್ನು ನಮ್ಮ ಕಡೆಯ ಆಡುಮಾತಿಗೆ ತಂದು, ಓದಿಸಿ, ಧ್ವನಿಮುದ್ರಿಸಿ, ಎಲ್ಲರ ಫೋನಿಗೆ ಹಾಕಬೇಕು ಎಂದರು.

“ನಮ್ಮ ಹುಡುಗ್ರಿಗಿ ಕನ್ನಡ ಮಾತಾಡಾಕ ಬರ್ತದ್ರಿ ವಕೀಲಸಾಹೇಬ್ರ, ಓದಾಕ ಬರಂಗಿಲ್ಲ. ಎಲ್ಲಾ ಮರಾಠಿ ಸಾಲಿ. ಮುದುಕರಿಗಿ ಓದಾಕ ಬರ್ತದ, ಕಣ್ಣ ಕಾಣಂಗಿಲ್ಲ. ಅದಕ್ಕ ಕಿವಿಗಿ ಬೇಕಾಗ್ಯದ.”

ನಾನು ವಕೀಲನಲ್ಲ ಎಂದೆ. ನಿಮ್ಮ ಧರ್ಮದವನೂ ಅಲ್ಲ ಎಂದೆ.

“ಅದಕ್ಕ ನಿಮ್ಮಲ್ಲಿ ಬಂದೀನಿ. ನಮ್ಮವರು ಯಾರ ಮಾಡಿದ್ರೂ ಇಂವ ಈ ಕಡಿಯವ, ಅಂವ ಆ ಕಡಿಯವ ಅಂತಾರ. ನಿಮಗ ಯಾವ ಕಡಿನೂ ಇಲ್ಲ.”

ಕಡೆಗಳು ಯಾತಕ್ಕೆ ಬಂದವು ಎಂದು ಕೇಳಿದೆ. ಆಗ ಅವರು ಕುರ್ಚಿ ಮುಂದೆ ಎಳೆದುಕೊಂಡರು.

ಅವರ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ, ಅಕ್ಕಲಕೋಟದಲ್ಲೇ ಬ್ಲೌಸು ಹೊಲಿಯುತ್ತಾಳೆ. ಗಂಡ ಆಕೆಯನ್ನು ತವರಿಗೆ ಕಳಿಸಿ ಮತ್ತೆ ಕರೆಯಲಿಲ್ಲ. ವರ್ಷಗಳು ಕಳೆದ ಮೇಲೆ ಆಕೆಯೇ ಕೋರ್ಟಿಗೆ ಹೋಗಿ ವಿಚ್ಛೇದನದ ಆದೇಶ ಪಡೆದಳು. ಈಗ ಅದೇ ಸಭೆಯ ಒಬ್ಬ ವಿಧುರ, ಮೋಟರ್ ಮೆಕ್ಯಾನಿಕ್, ಆಕೆಯನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ಆದರೆ ಯೇಸುವಿನ ಬೆಟ್ಟದ ಮೇಲಿನ ಉಪದೇಶದಲ್ಲಿ ಒಂದು ಸಾಲಿದೆ: ಅಂಥ ಹೆಂಗಸನ್ನು ಮದುವೆಯಾದವನು ವ್ಯಭಿಚಾರ ಮಾಡಿದಂತೆ ಎಂಬ ಅರ್ಥದ್ದು. ಹಿರಿಯರಲ್ಲಿ ಅರ್ಧ ಮಂದಿ ಈ ಸಾಲಿಗೆ ಜೋತುಬಿದ್ದಿದ್ದಾರೆ, ಉಳಿದವರಿಗೆ ಹಾಗೆ ಅನ್ನಿಸುವುದಿಲ್ಲ. ಕೊನೆಗೆ, ಹೊಸ ಓದು ಬರಲಿ, ಎಲ್ಲರೂ ಕೂಡಿ ಕೇಳೋಣ, ಕೇಳಿ ತೀರ್ಮಾನಿಸೋಣ ಎಂದು ಒಪ್ಪಿಕೊಂಡಿದ್ದಾರೆ.

“ಮತ್ತ ಓದಾವ್ರು ಯಾರು?” ಎಂದೆ.

“ಆಕೀನೇ. ಕನ್ನಡ ಸಾಲಿ ಕಲಿತಾಕಿ ಆಕಿ. ಅಷ್ಟ ಚಂದ ಓದಾವ್ರು ನಮ್ಮಲ್ಲಿ ಇನ್ನೊಬ್ರಿಲ್ಲ.”

“ಅದಕ್ಕ ಯಾರದೂ ತಕರಾರಿಲ್ಲೇನ್ರಿ?”

“ಓದಾಕ ತಕರಾರಿಲ್ಲ್ರಿ. ಲಗ್ನಕ್ಕ ತಕರಾರು.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ವಿಶೇಷವೇನೂ ಅಲ್ಲ. ನನಗೆ ಹಾಲು ಒಡೆದರೂ ನಿದ್ದೆ ಬರುವುದಿಲ್ಲ. ಆದರೂ ಕೆಲಸ ಒಪ್ಪಿಕೊಂಡೆ. ಶಬ್ದಗಳ ವಿಷಯದಲ್ಲಿ ಮಾತ್ರ ನನಗೆ ನನ್ನ ಮೇಲೆ ಸ್ವಲ್ಪ ಭರವಸೆ ಇದೆ.

ಕ್ರಮ ಹೀಗಿತ್ತು. ನನಗೆ ಗ್ರೀಕ್ ಬಾರದು. ದೇವವಿದ್ಯಾಶಾಲೆಯಲ್ಲಿ ಗ್ರೀಕ್ ಕಲಿಸಿ ನಿವೃತ್ತರಾದ ಗುರುಗಳೊಬ್ಬರು ವಿಜಾಪುರ ರಸ್ತೆಯ ಫ್ಲ್ಯಾಟೊಂದರಲ್ಲಿದ್ದರು. ಅವರು ಮೂಲವನ್ನು ಪದಪದವಾಗಿ ಬಿಡಿಸಿ ಹೇಳುವುದು, ನಾನು ಕರಡು ಮಾಡುವುದು. ಆಮೇಲೆ ಮೂಲ ಗೊತ್ತಿಲ್ಲದ ಒಬ್ಬರು ನನ್ನ ಕರಡನ್ನು ಕಿವಿಯಿಂದ ಕೇಳಿ ಇನ್ನೊಂದು ಭಾಷೆಯಲ್ಲಿ ತಿರುಗಿ ಹೇಳಬೇಕು. ಏನು ಕೂಡಿಕೊಂಡಿದೆ, ಏನು ಸೋರಿದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಇದಕ್ಕೆ ಮರಾಠಿ ಶಾಲೆಯಲ್ಲಿ ಪಾಠ ಹೇಳುವ ನನ್ನ ಹೆಂಡತಿ ಸಿಕ್ಕಳು. ಕೊನೆಗೆ ಅಕ್ಕಲಕೋಟದಲ್ಲಿ ನಾಲ್ಕು ಮಂದಿಯ ಮುಂದೆ ಓದಿ ಪರೀಕ್ಷೆ.

ಗುರುಗಳು ಮೊದಲ ದಿನವೇ ಒಂದು ನಿಯಮ ಹಾಕಿದರು. ಗ್ರೀಕಿನಲ್ಲಿ ಒಂದೇ ಶಬ್ದ ಇದ್ದಲ್ಲೆಲ್ಲ ಕನ್ನಡದಲ್ಲೂ ಆದಷ್ಟು ಒಂದೇ ಶಬ್ದ ಇರಲಿ. ನಾನು ಕೋರ್ಟಿನವನು, ನಿಯಮ ಎಂದರೆ ಕೈ ಕಟ್ಟಿಕೊಂಡು ನಿಲ್ಲುವವನು. ವಿಚ್ಛೇದನದ ಸಾಲಿನಲ್ಲಿ ‘ಅಪೊಲುಓ’ ಎಂಬ ಕ್ರಿಯಾಪದ ಬಂದಿತ್ತು. ನಮ್ಮ ಕಡೆ ಅಂಥ ಸಂದರ್ಭದಲ್ಲಿ ಗಂಡ ಬರೆದುಕೊಡುವ ಕಾಗದಕ್ಕೆ ‘ಸೋಡಚಿಟ್ಟಿ’ ಎನ್ನುತ್ತಾರೆ, ಆದ್ದರಿಂದ ‘ಸೋಡಚಿಟ್ಟಿ ಕೊಡು’ ಎಂದು ಬರೆದೆ. ಗುರುಗಳು ಬರೆಸಿದ ಪದಗಳ ಪಟ್ಟಿಯಲ್ಲಿ ಆ ಕ್ರಿಯಾಪದ ಇದ್ದ ಕಡೆಯೆಲ್ಲ ಅದನ್ನೇ ಇಟ್ಟುಕೊಂಡು ಹೋದೆ. ಮರುವಾರ ಗುರುಗಳ ಮುಂದೆ ಕರಡು ಓದುತ್ತಿದ್ದೆ. ರೊಟ್ಟಿ ಮೀನು ತಿಂದು ತೃಪ್ತರಾದ ಸಾವಿರಾರು ಜನರಿಗೆ, ಊಟವಾದ ಕೂಡಲೇ, ಯೇಸು ಸೋಡಚಿಟ್ಟಿ ಕೊಟ್ಟ.

ಗುರುಗಳು ಕಿವಿಯ ಯಂತ್ರ ಸರಿಮಾಡಿಕೊಂಡರು. “ಇನ್ನೊಮ್ಮೆ ಓದಪಾ.”

ಓದಿದೆ.

“ಅಷ್ಟೂ ಮಂದೀಗಿ?” ಎಂದರು.

ಆಮೇಲೆ ಸಮಾಧಾನದಿಂದ ಬಿಡಿಸಿ ಹೇಳಿದರು. ಅಪೊಲುಓ ಎಂದರೆ ಬಿಡುವುದು, ಬಿಟ್ಟು ಕಳಿಸುವುದು. ಜನರ ಗುಂಪನ್ನು ಮನೆಗೆ ಕಳಿಸುವಾಗಲೂ ಅದೇ, ಹಬ್ಬಕ್ಕೆ ಕೈದಿಯನ್ನು ಬಿಡುವಾಗಲೂ ಅದೇ, ಹೆಂಡತಿಯನ್ನು ಕಳಿಸಿಬಿಡುವಾಗಲೂ ಅದೇ. ಬೆನ್ನು ಬಾಗಿ ವರ್ಷಗಟ್ಟಲೆ ನೆಟ್ಟಗೆ ನಿಲ್ಲಲಾರದೆ ಇದ್ದ ಒಬ್ಬ ಹೆಂಗಸಿಗೆ ಯೇಸು, ನಿನ್ನ ರೋಗದಿಂದ ನಿನಗೆ ಬಿಡುಗಡೆಯಾಗಿದೆ ಎನ್ನುವಾಗಲೂ ಅದೇ ಕ್ರಿಯಾಪದ. ಕಾಗದಕ್ಕೆ ಬೇರೆಯೇ ಶಬ್ದ ಇದೆ, ‘ಅಪೊಸ್ತಾಸಿಯೊನ್’. ಅದು ಬರುವುದು ಹಿಂದಿನ ಸಾಲಿನಲ್ಲಿ: ಹೆಂಡತಿಯನ್ನು ಬಿಟ್ಟು ಕಳಿಸುವವನು ಆಕೆಗೆ ಅಂಥದ್ದೊಂದು ಕೊಡಲಿ ಎಂದು ಹಿಂದಿನವರು ಹೇಳಿದ್ದರಲ್ಲ, ಅಲ್ಲಿ.

“ಆ ಕಾಲದ ವ್ಯವಹಾರದ ಕಾಗದದಾಗೂ ಈ ಶಬ್ದ ಬರ್ತದ,” ಎಂದರು. “ಇದರ ಮ್ಯಾಲ ಇನ್ನ ನನ್ನದೇನೂ ಹಕ್ಕಿಲ್ಲ ಅಂತ ಬರದು ಕೊಡೂದು.”

ಈಗ ನಾನು ನೆಟ್ಟಗೆ ಕುಳಿತೆ. “ಹಕ್ಕಸೋಡ ಪತ್ರ,” ಎಂದೆ. ಅಣ್ಣತಮ್ಮಂದಿರು ಆಸ್ತಿಯ ಮೇಲಿನ ಹಕ್ಕು ಬಿಟ್ಟುಕೊಟ್ಟು ಬರೆಯುವ ಕಾಗದಕ್ಕೆ ನಮ್ಮ ಕೋರ್ಟಿನಲ್ಲಿ ಇದೇ ಹೆಸರು. ಸೋಡಚಿಟ್ಟಿಯ ‘ಸೋಡ’ವೂ ಹಕ್ಕಸೋಡದ ‘ಸೋಡ’ವೂ ಒಂದೇ, ಬಿಡುವುದು. ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ಶಬ್ದಕ್ಕೆ ನನ್ನ ಟೇಬಲ್ಲಿನ ಮೇಲೇ ಸರಿಜೋಡಿ ಬಿದ್ದಿತ್ತು. ಕಾಗದಕ್ಕೆ ಸೋಡಚಿಟ್ಟಿ, ಕ್ರಿಯೆಗೆ ‘ಬಿಡು’. ಎರಡನ್ನೂ ಕಲಸಬಾರದು. ಮರಾಠಿ, ಕನ್ನಡ ಎರಡನ್ನೂ ಒಂದೇ ನಾಲಿಗೆಯಲ್ಲಿ ಇಟ್ಟುಕೊಂಡ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪನ್ನು ನಾನು ಮಾಡಿದ್ದೆ. ನಮಗೆ ಬಿಡುವುದೂ ಚಿಟ್ಟಿಯೂ ಒಂದೇ ಉಸಿರಿನಲ್ಲಿ ಬರುತ್ತವೆ.

ಇನ್ನು ಉಳಿದದ್ದು ಆ ಕಡೆಯ ಸಾಲು. ‘ಅಪೊಲೆಲುಮೆನೇ’ಯನ್ನು ಮದುವೆಯಾದವನು. ಅದೇ ಕ್ರಿಯಾಪದದಿಂದ ಹೆಣ್ಣಿಗೆ ಬಂದ ಹೆಸರು. ಇದಕ್ಕೆ ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಮಾತು ‘ಗಂಡ ಬಿಟ್ಟಾಕಿ’. ಅದನ್ನೇ ಬರೆದುಕೊಂಡು ಅಕ್ಕಲಕೋಟದ ಬಸ್ಸು ಹತ್ತಿದೆ.

ಪರೀಕ್ಷೆ ಆಕೆಯ ಹೊಲಿಗೆ ಕೋಣೆಯಲ್ಲೇ. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ನಡುವೆ ಮಷಿನ್ನು. ಆಕೆ ಅಳತೆಯ ಟೇಪನ್ನು ಕೊರಳಿಂದ ತೆಗೆಯದೇ ನನ್ನ ಕರಡು ಓದಿದಳು. ಆ ಸಾಲಿಗೆ ಬಂದಾಗಲೂ ದನಿ ಏರಲಿಲ್ಲ, ಇಳಿಯಲಿಲ್ಲ. ಇಂಥ ಪರೀಕ್ಷೆಯಲ್ಲಿ ‘ತಿಳೀತೇನು’ ಎಂದು ಕೇಳಬಾರದು, ಎಲ್ಲರೂ ತಿಳೀತು ಎನ್ನುತ್ತಾರೆ. ಯಾರು ಏನು ಮಾಡಿದರು ಎಂದು ಕೇಳಬೇಕು. ಕೇಳಿದೆ.

“ಆಕಿ ಗಂಡನ್ನ ಬಿಟ್ಟು ಬಂದಾಳ,” ಎಂದರು ಗಂಡಸರು.

“ಅಂವ ಆಕಿನ್ನ ಬಿಟ್ಟಾನ,” ಎಂದರು ಹೆಂಗಸರು.

ಎರಡೂ ಸರಿ. ನಮ್ಮ ಆಡುಮಾತು ‘ಅನ್ನು’ ಪ್ರತ್ಯಯವನ್ನು ನುಂಗಿಬಿಡುತ್ತದೆ. ಗಂಡನನ್ನು ಬಿಟ್ಟವಳೋ, ಗಂಡ ಬಿಟ್ಟವಳೋ, ಆ ಮಾತು ಹೇಳುವುದಿಲ್ಲ. ಮೂಲೆಯಲ್ಲಿದ್ದ ಒಬ್ಬ ಮುದುಕಿ, “ಯಾರ ಬಿಟ್ರೇನು ಬಿಡ್ರಿ, ಹೆಸರು ಆಕೀಗೇ ಬರ್ತದ” ಎಂದಳು. ಓದಿದವಳು ಹಾಳೆ ಮಡಚಿ ನನಗೆ ವಾಪಸು ಕೊಟ್ಟಳು.

“ಊರಾಗ ಯಾರ ಬಿಟ್ಟಾರ ಅಂತ ಯಾರೂ ಕೇಳಂಗಿಲ್ಲ್ರಿ ಸಾಹೇಬ್ರ,” ಎಂದಳು. “ಅದಕ್ಕ ಆ ಮಾತು ಮಂದೀಗಿ ಭಾಳ ಸಲೀಸು.”

ಗುರುಗಳು ಬಯ್ಯುತ್ತಾರೆ ಎಂದುಕೊಂಡು ಮರುದಿನ ಹೋದರೆ, ಅವರು ಕೇಳಿ ನಕ್ಕರು. ಗ್ರೀಕಿನಲ್ಲೂ ಹಾಗೆಯೇ ಇದೆಯಂತೆ. ಆ ರೂಪ ಬಿಡಲ್ಪಟ್ಟವಳಿಗೂ ಒಂದೇ, ತಾನೇ ಬಿಡಿಸಿಕೊಂಡವಳಿಗೂ ಒಂದೇ. “ಭಾಳ ಮಂದಿ ಬಿಡಲ್ಪಟ್ಟಾಕಿ ಅಂತಾರ, ನಾನೂ ಅದನ್ನ ಅಂತೀನಿ. ಆದ್ರ ರೂಪ ಒಂದ ನೋಡಿ ಆಣಿ ಮಾಡಾಕ ಬರಂಗಿಲ್ಲ.”

ನನಗೆ ಹಿಗ್ಗು ತಡೆಯಲಾಗಲಿಲ್ಲ. ಹಾಗಾದರೆ ‘ಗಂಡ ಬಿಟ್ಟಾಕಿ’ಗಿಂತ ಒಳ್ಳೆಯ ಅನುವಾದ ಎಲ್ಲಿದೆ? ಅಲ್ಲಿಯ ಅನುಮಾನ ಇಲ್ಲಿಯೂ ಹಾಗೆಯೇ ಇಳಿದಿದೆ.

“ಅರ್ಥ ಎರಡೂ ಇಳದಾವ, ಖರೆ,” ಎಂದರು ಗುರುಗಳು. “ಬೈಗುಳ ಎಲ್ಲಿಂದ ಬಂತು? ಗ್ರೀಕಿನಾಗ ಬೈಗುಳ ಇಲ್ಲ.”

ಅಲ್ಲಿಗೆ ‘ಗಂಡ ಬಿಟ್ಟಾಕಿ’ ಹೋಯಿತು. ‘ಬಿಡಿಸಿಕೊಂಡಾಕಿ’ ಎನ್ನಲು ನನಗೆ ಧೈರ್ಯವಾಗಲಿಲ್ಲ. ತಾನೇ ಕೋರ್ಟಿಗೆ ಹೋದ ಆ ಹೆಣ್ಣುಮಗಳ ಕೊರಳಿಗೆ ಅದು ನೇರವಾಗಿ ಬೀಳುತ್ತಿತ್ತು. ‘ಆಕಿ’ಯನ್ನು ತೆಗೆದು ‘ಹೆಣ್ಮಗಳು’ ಎಂದು ಹಾಕಿದೆ, ‘ಬಿಟ್ಟು ಕಳಿಸಿದ ಹೆಣ್ಮಗಳು’. ಮೊದಲ ಸಾಲಿನ ಕ್ರಿಯೆಯೇ ಇಲ್ಲೂ ಬಂತು, ಮಾಡಿದವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಗುರುಗಳೂ ಒಪ್ಪುವ ಓದು ಅದು. ಮನೆಗೆ ಬಂದು ಶುದ್ಧಪ್ರತಿ ಬರೆಯುವಾಗ ಸಾಲು ಸ್ವಲ್ಪ ಬೋಳಾಗಿ ಕಂಡಿತು. ಓಟ ಇರಲಿ ಎಂದು ಮೊದಲಿಗೆ ಒಂದು ಸಣ್ಣ ಶಬ್ದ ಇಟ್ಟೆ: ‘ಹಂಗ ಬಿಟ್ಟು ಕಳಿಸಿದ ಹೆಣ್ಮಗಳು’.

ಹೆಂಡತಿ ಕೇಳಿ ಮರಾಠಿಯಲ್ಲಿ ತಿರುಗಿ ಹೇಳಿದಳು: ಸುಮ್ಮನೆ, ಏನೂ ಬರೆದುಕೊಡದೆ ಬಿಟ್ಟ ಹೆಂಗಸು. ಹೇಳಿ ಮುಗಿಸಿ ನನ್ನ ಮುಖ ನೋಡಿದಳು. “ಹಂಗಾರ ಈಕೀದು ಲಗ್ನ ಆಗ್ತದಲ್ರಿ. ಈಕಿ ಕೈಯಾಗ ಕಾಗದ ಅದಲ್ಲ.”

“ಹಂಗ ಅನ್ನಿಸ್ತದೇನು?” ಎಂದೆ, ಏನೂ ಗೊತ್ತಿಲ್ಲದವನ ಹಾಗೆ.

“ನಿಮ್ಮ ಮಾರಿ ನೋಡಿದ್ರನ ಗೊತ್ತಾಗ್ತದ, ಬೇಕಂತ ಹಾಕೀರಿ.”

ನಮ್ಮ ಕಡೆ ‘ಹಂಗ’ ಎಂದರೆ ಹಾಗೆ ಎಂದೂ ಆಗುತ್ತದೆ, ಸುಮ್ಮಸುಮ್ಮನೆ ಎಂದೂ ಆಗುತ್ತದೆ. ಓಟಕ್ಕೆ ಹಾಕಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇಷ್ಟು ವರ್ಷ ಎದುರುಪಕ್ಷದ ವಕೀಲರ ಕಾಗದದಲ್ಲಿ ಇಂಥ ಸಣ್ಣ ಶಬ್ದಗಳನ್ನು ಹುಡುಕಿ ಹಿಡಿದವನು ನಾನು.

ಮರುದಿನ ಗುರುಗಳು ಆ ಸಾಲಿಗೆ ಬೆರಳಿಟ್ಟರು. “ಈ ‘ಹಂಗ’ ಎಲ್ಲಿಂದ ಬಂತಪಾ?”

ಚಿಟ್ಟಿ ಇಲ್ಲದೆ ಕಳಿಸುವುದನ್ನಷ್ಟೇ ಅಲ್ಲಿ ಬೈದಿರಬಹುದಲ್ಲ ಎಂದೆ.

“ಇರಬಹುದು. ಹಂಗ ವಾದ ಮಾಡಾವ್ರು ಅದಾರ, ಅಲ್ಲ ಅನ್ನಾವ್ರೂ ಅದಾರ. ಅದು ಕೇಳಾವ್ರ ಕೆಲಸ. ಶಬ್ದ ಅಲ್ಲಿ ಇಲ್ಲ.” ಹಾಳೆಯನ್ನು ನನ್ನ ಕಡೆ ಸರಿಸಿದರು. “ಕರಡು ನಿಂದು. ಇಡ್ತಿಯೋ ತಗೀತಿಯೋ, ನಾ ಹೇಳಂಗಿಲ್ಲ.”

ಇದಕ್ಕಿಂತ ಅವರು ಬಯ್ದಿದ್ದರೆ ಚೆನ್ನಾಗಿತ್ತು. ತೆಗೆದರೆ ಆಕೆಯ ಲಗ್ನ ನಿಲ್ಲಬಹುದು. ಇಟ್ಟರೆ ನನ್ನ ಎರಡಕ್ಷರ ದೇವರ ಮಾತಾಗಿ ಊರೆಲ್ಲ ಕೇಳುತ್ತದೆ. ಆಕೆಗೇ ಹೇಳಬೇಕು ಅನ್ನಿಸಿತು. ಅವಸರದಲ್ಲಿ ಗುರುವಾರ ಹೊರಟೆ. ಗುರುವಾರ ಅಕ್ಕಲಕೋಟದ ಬಸ್ಸಿನಲ್ಲಿ ಅಲ್ಲಿಯ ಸ್ವಾಮಿಗಳ ಮಠದ ದರ್ಶನಕ್ಕೆ ಹೋಗುವವರ ನಡುವೆ ನಿಲ್ಲಲೂ ಜಾಗ ಇರುವುದಿಲ್ಲ. ದಾರಿಯುದ್ದಕ್ಕೂ ಒಂದೇ ಕಾಲಿನ ಮೇಲೆ ನಿಂತು, ಏನು ಹೇಳಬೇಕು ಎಂದು ಜೋಡಿಸಿಕೊಂಡೆ. ಹೋಗಿ ಹೇಳಿದ್ದು ಮಾತ್ರ ಇಷ್ಟೇ: “ಇಲ್ಲಿ ಒಂದು ಶಬ್ದ ನಾನ ಹಾಕೀನಿ. ನಿಮಗ ಅನುಕೂಲ ಆಗ್ತದ. ಮೂಲದಾಗ ಇಲ್ಲ.”

ಆಕೆ ಮಷಿನ್ನು ನಿಲ್ಲಿಸಿ ಓದಿಕೊಂಡಳು. “ತಗೀರ್ರಿ,” ಎಂದಳು.

“ತಗದ್ರ ಲಗ್ನ ನಿಂತೀತು.”

“ಇಟ್ರ ನಾಳೆ ಮಂದಿ ಏನಂತಾರ? ಇವರ ಲಗ್ನ ದೇವ್ರು ಮಾಡಲಿಲ್ಲ, ಭಾಷಾಂತರದಾಂವ ಮಾಡ್ದ ಅಂತಾರ.” ಸೂಜಿಗೆ ದಾರ ಪೋಣಿಸುತ್ತ ಮುಂದುವರಿಸಿದಳು. “ಇಷ್ಟು ವರ್ಷ ಒಂದು ಶಬ್ದದ ಕೆಳಗ ಇದ್ದೀನ್ರಿ. ಇನ್ನೊಂದು ಸುಳ್ಳು ಶಬ್ದದ ಕೆಳಗ ಹೋಗಿ ಕೂಡೂದು ನನಗ ಬ್ಯಾಡ.”

ಅಲ್ಲೇ ಆಕೆಯ ಗುರುತು ಹಾಕುವ ಚಾಕ್ ತೆಗೆದುಕೊಂಡು ‘ಹಂಗ’ದ ಮೇಲೆ ಗೆರೆ ಎಳೆದೆ. ವಾಪಸು ಬರುವಾಗ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ನಿದ್ದೆಯೂ ಬಂತು. ಸೊಲ್ಲಾಪುರ ಬಂದದ್ದೇ ತಿಳಿಯಲಿಲ್ಲ, ಕಂಡಕ್ಟರ್ ಎಬ್ಬಿಸಬೇಕಾಯಿತು.

ಧ್ವನಿಮುದ್ರಣ ಹಿರಿಯರ ಕಾರ್ಖಾನೆಯ ಗೋದಾಮಿನಲ್ಲಿ, ಮಗ್ಗಗಳ ರಜೆಯ ದಿನ. ಮಾಳಿಗೆಯವರೆಗೆ ಒಟ್ಟಿದ ಚಾದರಗಳ ನಡುವೆ ನಿಂತು ಮಾತಾಡಿದರೆ ದನಿ ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ. ಅಂಥ ಸ್ಟುಡಿಯೋ ಪೇಟೆಯಲ್ಲಿ ಸಿಗುವುದಿಲ್ಲ. ಪಕ್ಕದವರು ಮಗ್ಗ ಶುರು ಮಾಡಲಿಲ್ಲ. ಕರೆಂಟು ಹೋಗಲಿಲ್ಲ. ಗುರುಗಳು ಕಿವಿಯ ಯಂತ್ರದ ಜೊತೆ ಜೋಡಿ ಸೆಲ್ಲೂ ತಂದಿದ್ದರು. ಆಕೆ ಆ ಸಾಲನ್ನು ಒಂದೇ ಸಲಕ್ಕೆ ಓದಿದಳು, ಅಳಲಿಲ್ಲ. ಬಾಗಿದ ಹೆಂಗಸಿನ ಪಾಠ ಓದುವಾಗ ಮಾತ್ರ ಕೊಂಚ ನಿಧಾನ ಮಾಡಿದಳು. ಗುರುಗಳು, ಹಿರಿಯರು, ಆಕೆ, ನಾನು, ನಾಲ್ವರೂ ಕುಳಿತು ಮೊದಲಿಂದ ಕೊನೆಯವರೆಗೆ ಕೇಳಿ ಒಪ್ಪಿದೆವು. ಫೋನುಗಳಿಗೆ ಹೋಯಿತು.

ಮುಂದಿನ ಭಾನುವಾರ ಸಭೆಯ ಹಿರಿಯರೆಲ್ಲ ಕೂಡಿ ಕೇಳಿದರು. ನನ್ನನ್ನೂ ಕರೆದಿದ್ದರು; ನಾನು ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದೆ. ಸೋಡಚಿಟ್ಟಿಯ ಸಾಲು ಬಂತು, ಬಿಟ್ಟು ಕಳಿಸುವ ಸಾಲು ಬಂತು. ಮುಖ್ಯ ಹಿರಿಯರು ಇನ್ನೊಮ್ಮೆ ಹಾಕಿಸಿದರು, ಮತ್ತೊಮ್ಮೆ ಹಾಕಿಸಿದರು.

“ಇದು ಯಾರಿಗಿ ಹೇಳಿದ ಮಾತು?” ಎಂದರು ಕೊನೆಗೆ. “ಕಳಿಸಾವ್ರಿಗಿ. ನಾವು ಇಷ್ಟು ದಿನ ಕಳಿಸಿಕೊಂಡಾಕೀಗಿ ಓದಿ ಹೇಳಾಕತ್ತಿದ್ವಿ.”

“ಕಡೀ ಸಾಲು ಹಂಗೇ ಅದಲ್ರಿ,” ಎಂದರು ಇನ್ನೊಬ್ಬ ಹಿರಿಯರು. “ಮದವಿ ಆದಾಂವಂದೂ ತಪ್ಪು ಅಂತದ.”

“ಅದ. ಆದ್ರ ಚಿಟ್ಟಿ ಮಾತು ಒಂದು, ಕಳಿಸೂ ಮಾತು ಒಂದು, ಕೇಳಿದ್ರಿಲ್ಲ? ಕಡೀ ಸಾಲಿನಾಗ ಚಿಟ್ಟಿ ಇಲ್ಲ. ಈಕಿ ಕೈಯಾಗ ಕಾಗದ ಅದ.”

ಯಾರೋ ನನ್ನ ಕಡೆ ತಿರುಗಿ, ವಕೀಲಸಾಹೇಬರು ಹೇಳಲಿ ಎಂದರು. ನಾನು ವಕೀಲನಲ್ಲ ಎಂದೆ. ಆ ಮಾತು ಅಷ್ಟು ಸಂತೋಷದಿಂದ ಹಿಂದೆಂದೂ ಹೇಳಿರಲಿಲ್ಲ. ಮಾತು ಬಹಳ ಹೊತ್ತು ನಡೆಯಿತು, ಒಂದೆರಡು ಸಲ ದನಿ ಏರಿತು, ಚಹಾ ತಣ್ಣಗಾಯಿತು. ಕೊನೆಗೆ ಲಗ್ನ ಆಗಲಿ ಎಂದೇ ಬಂತು. ಎದುರು ಮಾತಾಡಿದ ಹಿರಿಯರು ಮಾತ್ರ ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. “ಆಶೀರ್ವಾದಕ್ಕ ಬರಂಗಿಲ್ಲ. ಊಟಕ್ಕ ಬರ್ತೀನಿ,” ಎಂದರು. ಬಂದರು ಕೂಡ.

ಆ ಊಟದಲ್ಲಿ ನಾನೂ ಹೆಂಡತಿಯೂ ಇದ್ದೆವು. ಮದುಮಗಳು ತಾನೇ ಹೊಲಿದ ಬ್ಲೌಸು ತೊಟ್ಟುಕೊಂಡು ಬಡಿಸುವವರಿಗೆ ಜೋರು ಮಾಡುತ್ತಿದ್ದಳು. ಒಂದು ಸಲ ನನಗೆ ಎದೆ ಹಗುರಾಗಿ, ಇನ್ನೇನೂ ಕೆಡುವುದಿಲ್ಲ ಅನ್ನಿಸಿತು. ನನ್ನ ಪಕ್ಕದಲ್ಲಿ ಆ ಪರೀಕ್ಷೆಯ ದಿನದ ಮುದುಕಿ ಫೋನನ್ನು ಕಿವಿಗೆ ಒತ್ತಿಕೊಂಡು ಕುಳಿತಿದ್ದಳು. ಬಾಗಿದ ಹೆಂಗಸಿನ ಪಾಠ. ನಾನು ಬರೆದ ಸಾಲು, ಯೇಸುವಿನ ಮಾತು, ‘ಯವ್ವಾ, ನಿನಗ ಬಿಡುಗಡಿ ಆಗ್ಯದ’ ಎಂದು. ಫೋನಿನಿಂದ ಮದುಮಗಳ ತಿಳಿಯಾದ ದನಿ ಬಂತು: “ಯವ್ವಾ, ನನಗ ಬಿಡುಗಡಿ ಆಗ್ಯದ.”

ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಇನ್ನೊಮ್ಮೆ ಹಾಕಿಸಿ ಕೇಳಿದೆ. ಅದೇ. ನಾಲ್ವರು ಕುಳಿತು ಕೇಳಿ ಒಪ್ಪಿದ್ದೆವು. ಕಲಿತ ಪದ್ಧತಿಯಂತೆ ಮುದುಕಿಯನ್ನು ಕೇಳಿದೆ, “ಆಯಿ, ಇಲ್ಲಿ ಯಾರಿಗಿ ಬಿಡುಗಡಿ ಆತು?”

ಮುದುಕಿ ಗದ್ದ ಎತ್ತಿ ಮದುಮಗಳ ಕಡೆ ತೋರಿಸಿದಳು. “ಆಕೀನೇ ಹೇಳಾಕತ್ಯಾಳಲ್ಲೋ ತಮ್ಮಾ.”

ತಿದ್ದಿದ ಪ್ರತಿಯನ್ನು ಆಮೇಲೆ ಎಲ್ಲರಿಗೂ ಕಳಿಸಿದ್ದೇವೆ. ಅಷ್ಟು ಕೆಲಸದಲ್ಲಿ ಕೆಟ್ಟದ್ದು ಅದೊಂದೇ: ‘ನಿನಗ’ದಲ್ಲಿ ಬಿದ್ದುಹೋದ ‘ನಿ’ಯ ಗುಡಿಸು.